ನುಡಿಸಿದವರು ಯಾರು?

ಗುರುವಾರ ರಾತ್ರಿ ಹನ್ನೆರಡು ಹೊಡೆಯುವುದನ್ನೇ ಕಾಯುವ ಚಟ ನನಗಿದೆ. ಶುಕ್ರವಾರ ಹುಟ್ಟಿತು ಅಂದರೆ ಹೊಸ ಆಲ್ಬಮ್‌ಗಳು ಬಂದವು ಅಂತಲೇ ಲೆಕ್ಕ. ಮೊದಲು ಹೀಗಿರಲಿಲ್ಲ. ಬ್ರಿಟನ್‌ನಲ್ಲಿ ಸೋಮವಾರ, ಅಮೆರಿಕದಲ್ಲಿ ಮಂಗಳವಾರ, ಜರ್ಮನಿಯಲ್ಲಿ ಶುಕ್ರವಾರ, ಹೀಗೆ ದೇಶಕ್ಕೊಂದು ದಿನ ಇತ್ತು. ಒಂದು ಕಡೆ ಬಿಡುಗಡೆಯಾದದ್ದು ಇನ್ನೊಂದು ಕಡೆ ಬರುವಷ್ಟರಲ್ಲಿ ಅದರ ಕಳ್ಳ ಪ್ರತಿ ಇಂಟರ್ನೆಟ್‌ನಲ್ಲಿ ಓಡಾಡಿಬಿಡುತ್ತಿತ್ತು. 2015ರ ಜುಲೈ 10ರಿಂದ ಬಹಳಷ್ಟು ದೇಶಗಳು ಶುಕ್ರವಾರಕ್ಕೆ ಒಗ್ಗಿಕೊಂಡವು. ನನ್ನ ಗುರುವಾರದ ನಿದ್ದೆ ಹೋಗಿದ್ದೂ ಆಗಲೇ.

ಆದರೆ ಆ ಉತ್ಸಾಹದಲ್ಲಿ ನಾನು ಮಾಡುತ್ತಿದ್ದದ್ದು ಏನು ಗೊತ್ತಾ? ಸೇವ್ ಮಾಡೋದು, ಅಷ್ಟೇ. ಒಂದು ಹಾಡಿನ ಮೊದಲ ಹತ್ತು ಸೆಕೆಂಡ್ ಕೇಳೋದು, ಹೃದಯದ ಗುರುತು ಒತ್ತೋದು, ಮುಂದಿನದಕ್ಕೆ ಹಾರೋದು. ಹಾಡು ಕೇಳುವ ಆ್ಯಪ್ ಸ್ಪಾಟಿಫೈ ನನಗೆಂದೇ ಆರಿಸಿ ಕೊಡುವ ಪಟ್ಟಿಗಳು ಬೇರೆ: ಶುಕ್ರವಾರ ರಿಲೀಸ್ ರೇಡಾರ್, ಸೋಮವಾರ ಡಿಸ್ಕವರ್ ವೀಕ್ಲಿಯ 30 ಹಾಡು, ನಡುವೆ ಯೂಟ್ಯೂಬ್ ತಂದು ಸುರಿದದ್ದು. ಒಂದು ದಿನ ಸುಮ್ನೆ ನೋಡಿದರೆ ಸೇವ್ ಮಾಡಿದ ಹಾಡುಗಳು ಸಾವಿರ ದಾಟಿದ್ದವು. ಮೇಲಿನ ಇಪ್ಪತ್ತು ಹೆಸರು ಓದಿದೆ. ಒಂದರ ರಾಗವೂ ನೆನಪಿಗೆ ಬರಲಿಲ್ಲ.

ತಪ್ಪು ಪೂರ್ತಿ ನನ್ನದೇ ಅಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ಸ್ಪಾಟಿಫೈನಲ್ಲಿ 30 ಸೆಕೆಂಡ್ ಓಡಿದರೆ ಮಾತ್ರ ಒಂದು ಹಾಡು 'ಕೇಳಲಾಗಿದೆ' ಎಂದು ಎಣಿಕೆಯಾಗುತ್ತದೆ. ಅದಕ್ಕೇ ಇರಬೇಕು, ಈಗಿನ ಎಷ್ಟೋ ಹಾಡುಗಳಿಗೆ ಪೀಠಿಕೆಯೇ ಇಲ್ಲ, ಪಲ್ಲವಿ ಎದುರಿಗೇ ಬಂದು ನಿಲ್ಲುತ್ತದೆ. ನಿಧಾನಕ್ಕೆ ಬಿಚ್ಚಿಕೊಳ್ಳುವ ಹಾಡು ನನ್ನಂಥವರ ಬೆರಳಿನ ಮುಂದೆ ಬದುಕುವುದು ಕಷ್ಟ.

ನನ್ನನ್ನು ಬದಲಾಯಿಸಿದ್ದು ಒಂದು ಅಕಾರ್ಡಿಯನ್. ಒಂದು ರಾತ್ರಿ ಯೂಟ್ಯೂಬ್ ತಾನಾಗಿಯೇ ಮುಂದಿನ ವಿಡಿಯೋಗೆ ಹೋಯಿತು. ಫೋನ್ ದೂರದಲ್ಲಿತ್ತು, ಎದ್ದು ಬದಲಾಯಿಸಲು ಸೋಮಾರಿತನ. ಹಾಗಾಗಿ ಪೂರ್ತಿ ಕೇಳಿದೆ. ಹಳೇ ಡ್ರಮ್ ಮಷೀನ್‌ನ ಟಕಟಕ, ಅದರ ಮೇಲೆ ತೇಲುವ ಅಕಾರ್ಡಿಯನ್. ಇದು ಯಾವ ದೇಶದ್ದು, ಯಾವ ಕಾಲದ್ದು, ಏನೂ ಅಂದಾಜು ಸಿಗಲಿಲ್ಲ. ಎದ್ದು ಹೋಗಿ ಹೆಸರು ನೋಡಿದೆ: ಹೈಲು ಮೆರ್ಗಿಯಾ. ಇಥಿಯೋಪಿಯಾದವರು. ಅಕಾರ್ಡಿಯನ್ ಯಾರದು, ಕೀಬೋರ್ಡ್ ಯಾರದು ಅಂತ ಹುಡುಕಿದರೆ ಎಲ್ಲ ಕಡೆ ಅದೇ ಹೆಸರು. 1985ರ ಆ ಕ್ಯಾಸೆಟ್‌ನಲ್ಲಿ ಅವರು ಒಬ್ಬರೇ ಎಲ್ಲ ನುಡಿಸಿದ್ದರು.

ಆಮೇಲೆ ಕೆದಕುತ್ತಾ ಹೋದೆ. 1970ರ ದಶಕದಲ್ಲಿ ಅಡಿಸ್ ಅಬಾಬಾದ ಹೋಟೆಲೊಂದರಲ್ಲಿ ವಾಲಿಯಾಸ್ ಎಂಬ ತಂಡದ ಜೊತೆ ನುಡಿಸುತ್ತಿದ್ದವರು. ತಂಡದ ಜೊತೆ ಅಮೆರಿಕಕ್ಕೆ ಬಂದು ವಾಷಿಂಗ್ಟನ್‌ನಲ್ಲೇ ಉಳಿದರು. ಹೊಟ್ಟೆಪಾಡಿಗೆ ಟ್ಯಾಕ್ಸಿ ಓಡಿಸುತ್ತಿದ್ದರು. ಪ್ರಯಾಣಿಕರಿಗಾಗಿ ಕಾಯುವಾಗ ಡಿಕ್ಕಿಯಿಂದ ಕೀಬೋರ್ಡ್ ತೆಗೆದು ಅಭ್ಯಾಸ ಮಾಡುತ್ತಿದ್ದರಂತೆ! 'ಆಸಮ್ ಟೇಪ್ಸ್ ಫ್ರಮ್ ಆಫ್ರಿಕಾ' ಎಂಬ ಪುಟ್ಟ ಲೇಬಲ್ (ಆಲ್ಬಮ್ ಹೊರತರುವ ಸಂಸ್ಥೆ) ನಡೆಸುವವರಿಗೆ ಆ ಕ್ಯಾಸೆಟ್ ಸಿಕ್ಕಿತು, ಅವರು ಮೆರ್ಗಿಯಾರನ್ನು ಹುಡುಕಿ ಫೋನ್ ಮಾಡಿದರು, 2013ರಲ್ಲಿ ಅದು ಮತ್ತೆ ಬಿಡುಗಡೆಯಾಯಿತು. 2018ರಲ್ಲಿ ಮೆರ್ಗಿಯಾರ ಹೊಸ ಆಲ್ಬಮ್ಮೇ ಬಂತು. ಅಲ್ಲಿಂದ ನಾನು ಇಥಿಯೋಪಿಯಾದವರೇ ಆದ ಜಾಝ್ ಸಂಗೀತಗಾರ ಮುಲಾಟು ಅಸ್ಟಾಟ್ಕೆಯವರ ವೈಬ್ರಾಫೋನ್‌ಗೆ (ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ಹೋದೆ, ಅಲ್ಲಿಂದ ಆ ದೇಶದ ಸಂಗೀತದ 'ಎಥಿಯೋಪೀಕ್ಸ್' ಎಂಬ ಸಿಡಿ ಸರಣಿಗೆ. ಎರಡು ತಿಂಗಳು ಬೇರೇನೂ ಕೇಳಲಿಲ್ಲ. ಯಾವ ಪ್ಲೇಲಿಸ್ಟೂ ನನ್ನನ್ನು ಇಷ್ಟು ದೂರ ಕರೆದುಕೊಂಡು ಹೋಗಿರಲಿಲ್ಲ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಆ್ಯಪ್ ಅಲ್ಲ, ಕಾಗದದ್ದು. ಶುಕ್ರವಾರಕ್ಕೆ ಎರಡೇ ಆಲ್ಬಮ್ ಆರಿಸುತ್ತೇನೆ. ಮೊದಲ ಸಲ ಫೋನನ್ನು ಕೈಗೆ ಎಟುಕದ ಕಡೆ ಇಟ್ಟು ಶುರುವಿನಿಂದ ಕೊನೆವರೆಗೆ ಕೇಳುತ್ತೇನೆ. ಆ ಸೋಮಾರಿತನದಿಂದ ಕಲಿತ ಪಾಠ ಇದು. ನೋಟ್‌ಬುಕ್ಕಿನಲ್ಲಿ ಹಾಡಿದವರ ಹೆಸರು ಬರೆಯೋದಿಲ್ಲ, ಅದು ಹೇಗೂ ಎಲ್ಲ ಕಡೆ ಇರುತ್ತದೆ. ಡ್ರಮ್ಸ್, ಬಾಸ್, ಕೀಬೋರ್ಡ್ ಯಾರದು, ಮಿಕ್ಸ್ ಮಾಡಿದ್ದು ಯಾರು, ಲೇಬಲ್ ಯಾವುದು, ಅಷ್ಟು ಬರೆಯುತ್ತೇನೆ. ಆ್ಯಪ್‌ಗಳಲ್ಲಿ ಕ್ರೆಡಿಟ್ಸ್ ಅರ್ಧಂಬರ್ಧ. ಆಲ್ಬಮ್‌ಗಳ ವಿವರ ಕಲೆಹಾಕುವ ಡಿಸ್ಕಾಗ್ಸ್ ಎಂಬ ವೆಬ್‌ಸೈಟ್‌ನಲ್ಲಿ ಜಾಸ್ತಿ ಸಿಗುತ್ತದೆ, ಹಳೇ ಆಲ್ಬಮ್ ಆದರೆ ಕವರಿನ ಹಿಂಬದಿಯ ಫೋಟೋ ಸಹ ಇರುತ್ತದೆ. ಅಂಥದ್ದೇ ಇನ್ನೊಂದು ವೆಬ್‌ಸೈಟ್ ಮ್ಯೂಸಿಕ್‌ಬ್ರೈನ್ಜ್ ಕೂಡ ನೋಡುತ್ತೇನೆ. ಒಂದು ವಾರ ಬಿಟ್ಟು ಮತ್ತೆ ಕೇಳಬೇಕು ಅನಿಸಿದರೆ ಮಾತ್ರ ಸೇವ್.

ಒಂದು ಲೇಬಲ್‌ನ ಎರಡು ಆಲ್ಬಮ್ ಇಷ್ಟವಾದರೆ ಅವರ ಮೂರನೆಯದನ್ನು ಕಣ್ಣು ಮುಚ್ಚಿಕೊಂಡು ಕೇಳಬಹುದು. ಪುಟ್ಟ ಲೇಬಲ್‌ಗಳ ಹಿಂದೆ ಸಾಮಾನ್ಯವಾಗಿ ಒಬ್ಬರದೋ ಇಬ್ಬರದೋ ಕಿವಿ ಇರುತ್ತದೆ, ಅದಕ್ಕೆ. ದುಡ್ಡು ಕೊಟ್ಟು ಕೊಳ್ಳುವಂಥದ್ದಿದ್ದರೆ, ಕಲಾವಿದರು ತಮ್ಮ ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್ ಎಂಬ ವೆಬ್‌ಸೈಟ್‌ನ 'ಬ್ಯಾಂಡ್‌ಕ್ಯಾಂಪ್ ಫ್ರೈಡೇ'ವರೆಗೆ ತಡೆದುಕೊಳ್ಳುತ್ತೇನೆ. 2020ರ ಮಾರ್ಚ್‌ನಲ್ಲಿ, ಕೊರೋನಾದಿಂದ ಸಂಗೀತ ಕಛೇರಿಗಳೆಲ್ಲ ನಿಂತಾಗ ಶುರುವಾದ ಪದ್ಧತಿ ಅದು. ಆ ದಿನ ಬ್ಯಾಂಡ್‌ಕ್ಯಾಂಪ್ ತನ್ನ ಪಾಲು ತೆಗೆದುಕೊಳ್ಳುವುದಿಲ್ಲ.

ಈ ನೋಟ್‌ಬುಕ್ ಒಂದು ಸಲ ನನ್ನ ಮರ್ಯಾದೆಯನ್ನೂ ಉಳಿಸಿದೆ, ಸ್ವಲ್ಪ ತಡವಾಗಿ. ಒಂದು 'ತಂಡ'ದ ಹಾಡುಗಳು ಭಾರೀ ಹಿಡಿಸಿದ್ದವು. ಗೆಳೆಯರಿಗೆಲ್ಲ ಕಳಿಸಿದೆ. ಬರೆಯಲು ಕೂತರೆ ಡ್ರಮ್ಸ್ ಖಾಲಿ, ಬಾಸ್ ಖಾಲಿ, ಎಲ್ಲ ಖಾಲಿ. ಒಂದು ಕಛೇರಿಯ ವಿಡಿಯೋ ಇಲ್ಲ. ಎರಡು ತಿಂಗಳಲ್ಲಿ ಮೂರು ಆಲ್ಬಮ್. ಫೋಟೋ ದೊಡ್ಡದು ಮಾಡಿ ನೋಡಿದರೆ ಗಿಟಾರ್ ಹಿಡಿದ ಕೈಗೆ ಆರು ಬೆರಳು. ಎಲ್ಲ ಎಐ! ಕಳಿಸಿದವರಿಗೆಲ್ಲ ಮತ್ತೊಂದು ಮೆಸೇಜ್ ಕಳಿಸಬೇಕಾಯಿತು. ಒಬ್ಬ ಮಾತ್ರ, "ಇರಲಿ ಬಿಡೋ, ಹಾಡು ಚೆನ್ನಾಗಿದೆ ಅಲ್ವಾ" ಅಂದ. ಚೆನ್ನಾಗೇ ಇತ್ತು, ಅದೇ ಸಿಟ್ಟು. ಆದರೆ ಅಲ್ಲಿಂದ ಮುಂದೆ ಹೋಗಲು ದಾರಿಯೇ ಇರಲಿಲ್ಲ.

ಈಗ ಒಂದು ಹಳೇ ಜಾಝ್ ರೆಕಾರ್ಡ್ ಹಿಂದೆ ಬಿದ್ದಿದ್ದೇನೆ. ಡ್ರಮ್ಸ್ ನುಡಿಸಿದವರ ಹೆಸರು ಎರಡು ಕಡೆ ಎರಡು ಥರ ಇತ್ತು. ಕವರಿನ ಫೋಟೋ ಹುಡುಕಿ, ಕಾಗುಣಿತ ಸರಿ ನೋಡಿ, ಮ್ಯೂಸಿಕ್‌ಬ್ರೈನ್ಜ್‌ನಲ್ಲಿ ನಾನೇ ತಿದ್ದಿದೆ. ಅಲ್ಲಿ ಖಾತೆ ಇದ್ದರೆ ಯಾರು ಬೇಕಾದರೂ ತಿದ್ದಬಹುದು. ಬಾಸ್‌ನ ಜಾಗ ಇನ್ನೂ ಖಾಲಿ ಇದೆ.