ಜಪಾನಿಗೆ ಆಫೀಸ್ ಕೆಲಸಕ್ಕೆ ಹೋಗ್ತಿದ್ರೆ ಗಿಫ್ಟ್ ಹೆಂಗೆ ಕೊಡೋದು
ಶಿರಸಿಯಿಂದ ಹೊರಟೋರು ತೊಡೆದೇವು ಒಯ್ಯೋ ಆಸೆ ಬಿಡಿ ಮಾರಾಯ್ರೆ, ಟೋಕಿಯೋ ಮುಟ್ಟೋದ್ರೊಳಗೆ ಪುಡಿಪುಡಿ. ಹುರಿದ ಗೇರುಬೀಜ ಬೆಸ್ಟು, ಅದೂ ಸಣ್ಣ ಸಣ್ಣ ಪ್ಯಾಕೆಟ್ಟು, ಯಾಕಂದ್ರೆ ಅಲ್ಲಿ ಆಫೀಸಲ್ಲಿ ಎಲ್ರಿಗೂ ಹಂಚ್ತಾರೆ. ಆದ್ರೆ ನಾಲ್ಕರ ಸೆಟ್ ಬೇಡ, ನಾಲ್ಕಕ್ಕೆ ಅವ್ರು 'ಶಿ' ಅಂತಾರೆ, ಸಾವಿಗೂ ಅದೇ ಉಚ್ಚಾರ, ಒಂಬತ್ತರ 'ಕು' ಕಷ್ಟ ಅಂದಂಗೆ ಕೇಳ್ತದೆ, ಅದೂ ಬೇಡ. ಚೆಂದ ರ‍್ಯಾಪ್ ಮಾಡ್ಸಿ, ಚೀಲದಿಂದ ತೆಗೆದು ಎರಡೂ ಕೈಯಲ್ಲಿ ಕೊಡಿ. ನಿಮ್ಮೆದುರು ಬಿಚ್ಚದಿದ್ರೆ ಬೇಜಾರಾಗ್ಬೇಡಿ, ನಮ್ಮಲ್ಲಿ ಮದ್ವೆ ಉಡುಗೊರೆ ಎಲ್ಲರೆದುರು ಬಿಚ್ತಾರಾ ಹೇಳಿ!

ಕೊಡೋದು ಅಲ್ಲಿನ ಸರ್ಕಾರಿ ಆಫೀಸರಿಗೆ ಆದ್ರೆ ಮಾತ್ರ ಹುಷಾರು. 2000ದಿಂದ ಜಾರಿಯಲ್ಲಿರೋ ನೈತಿಕತೆ ಕಾನೂನಿದೆ, ಯಾರ ಲೈಸೆನ್ಸೋ ಟೆಂಡರೋ ತಮ್ಮ ಕೈಲಿದೆಯೋ ಅಂಥೋರಿಂದ ಜಪಾನಿನ ಕೇಂದ್ರ ಸರ್ಕಾರದ ನೌಕರರು ಗಿಫ್ಟ್ ತಗೊಳ್ಳೋ ಹಂಗಿಲ್ಲ, ಗೇರುಬೀಜ ಬ್ಯಾಗಲ್ಲೇ ಇಟ್ಟು ವಿಸಿಟಿಂಗ್ ಕಾರ್ಡ್ ಕೊಟ್ಟು ಬನ್ನಿ.