ನಲ್ ತೆಗೆದೆ, ಲಾಗ್ ಬಿಲ್ ಇಳಿಯಿತು

ನಮ್ಮ ಎಪಿಐ (ಆ್ಯಪ್‌ಗಳಿಗೆ ಡೇಟಾ ಕೊಡುವ ಪ್ರೋಗ್ರಾಂ) ಕಳಿಸುವ ಜೇಸನ್ ಡೇಟಾದಲ್ಲಿ ಏನೂ ತುಂಬದ ಫೀಲ್ಡ್‌ಗಳು 'ನಲ್' ಅಂತ ಬರುತ್ತವೆ. ಅವನ್ನು ತೆಗೆಯೋಣ ಅಂದೆ. "ಡೇಟಾ ಕುಗ್ಗಿಸೋಕೆ ಜಿಜಿಪ್ ಇದೆಯಲ್ಲ, ನಲ್ ತೆಗೆದರೆ ಏನು ಮಹಾ ಉಳಿಯುತ್ತೆ?" ಟೀಮಿನಲ್ಲಿ ಎಲ್ಲರದ್ದೂ ಇದೇ ಮಾತು. ನೆಟ್‌ವರ್ಕ್ ಮಟ್ಟಿಗೆ ಅದು ನಿಜವೇ. ಒಂದೇ ಪದ ಮತ್ತೆ ಮತ್ತೆ ಬಂದರೆ ಜಿಜಿಪ್ ಅದನ್ನು ಚೆನ್ನಾಗಿ ಹಿಂಡಿಬಿಡುತ್ತದೆ. ನನ್ನ ಕಣ್ಣಿದ್ದದ್ದು ಲಾಗ್ (ನಡೆದದ್ದನ್ನೆಲ್ಲ ಬರೆದಿಡುವ ದಾಖಲೆ) ಮೇಲೆ. ಅಲ್ಲಿ ಜೇಸನ್ ಕುಗ್ಗದೆ ಹಾಗೇ ಹೋಗುತ್ತದೆ, ಬಿಲ್ ಜಿಬಿ ಲೆಕ್ಕದಲ್ಲಿ ಬರುತ್ತದೆ. ಬೇಗ ಸಿಗಲೆಂದು ಡೇಟಾ ಮೆಮೊರಿಯಲ್ಲಿಡುವ ರೆಡಿಸ್ ಕ್ಯಾಶ್ ಕಥೆಯೂ ಅದೇ.

ಬೊಮ್ಮನಹಳ್ಳಿಯ ನಮ್ಮ ಆಫೀಸಿನಲ್ಲಿ ನಾನು ನೋಡಿಕೊಳ್ಳುವುದು ಡೆಲಿವರಿ ಆರ್ಡರ್ ಎಪಿಐ. ಒಂದು ಆರ್ಡರ್‌ಗೆ ಸುಮಾರು 80 ಫೀಲ್ಡ್. ಅರ್ಧಕ್ಕಿಂತ ಜಾಸ್ತಿ ಯಾವಾಗಲೂ ನಲ್.

ಮೊದಲು ಸ್ಪ್ರಿಂಗ್ ಬೂಟ್ (ನಾವು ಬಳಸುವ ಜಾವಾ ಫ್ರೇಮ್‌ವರ್ಕ್) ಕಾನ್ಫಿಗ್‌ನಲ್ಲಿ ಒಂದೇ ಸಾಲು ಸೇರಿಸಿ, ಇಡೀ ಆ್ಯಪ್‌ಗೆ ನಾನ್ ನಲ್, ಅಂದರೆ 'ನಲ್ ಕಳಿಸಬೇಡ' ಅಂತ ಹಾಕಿದೆವು. ಎರಡೇ ದಿನ. ಪಾರ್ಟ್ನರ್ ಕಂಪನಿಗೆ ನಾವು ಕಳಿಸುವುದು ಮರ್ಜ್ ಪ್ಯಾಚ್, ಅಂದರೆ ಬದಲಾದ ಫೀಲ್ಡ್‌ಗಳು ಮಾತ್ರ. 2014ರ ಆರ್‌ಎಫ್‌ಸಿ 7396 (ಇಂಟರ್ನೆಟ್ ನಿಯಮಾವಳಿ) ಪ್ರಕಾರ ಅದರಲ್ಲಿ ನಲ್ ಅಂದರೆ 'ಅಳಿಸು'. ಡೇಟಾವನ್ನು ಜೇಸನ್ ಮಾಡಿಕೊಡುವ ಅದೇ ಮ್ಯಾಪರ್ ಅಲ್ಲೂ ಇತ್ತು, ಅಳಿಸು ಅನ್ನುವುದು ಹೋಗಲೇ ಇಲ್ಲ. ಗ್ರಾಹಕರು ತೆಗೆಸಿದ್ದ ಹಳೇ ನಂಬರಿಗೆ ಡೆಲಿವರಿ ಹುಡುಗರು ಫೋನ್ ಮಾಡುತ್ತಲೇ ಇದ್ದರು. ವಾಪಸ್ ತೆಗೆದೆವು.

ಆಮೇಲೆ ಒಬ್ಬರು ನಾನ್ ಎಂಪ್ಟಿ (ಖಾಲಿಯದ್ದನ್ನೂ ಕಳಿಸಬೇಡ) ಹಾಕೋಣ ಅಂದರು. ಖಾಲಿ ಲಿಸ್ಟ್‌ಗಳೂ ಮಾಯವಾದವು, ಹಳೇ ಆಂಡ್ರಾಯ್ಡ್ ಆ್ಯಪ್ ದಬಾಲ್ ಅಂತ ಬಿತ್ತು. ಖಾಲಿ ಲಿಸ್ಟ್ ಅಂದರೆ 'ನೋಡಿದೆ, ಏನೂ ಇಲ್ಲ' ಅಂತ. ನಲ್ ಹಾಗಲ್ಲ, ಅಲ್ವಾ?

ಕೊನೆಗೆ ನಿಂತದ್ದು ನಾನು ಮೊದಲಿಂದ ಹೇಳುತ್ತಿದ್ದ ದಾರಿಯೇ. ಮ್ಯಾಪರ್ ಎರಡು ಮಾಡಿದೆ. ರೆಸ್ಪಾನ್ಸ್, ಲಾಗ್, ಕ್ಯಾಶ್‌ಗೆ ನಾನ್ ನಲ್, ಪ್ಯಾಚ್‌ಗೆ ಹಳೆಯದೇ. ಇದನ್ನೇ ಕೋಡ್ ಒಳಗೆ ಅನೊಟೇಷನ್ (ಕ್ಲಾಸ್ ಮೇಲೆ ಹಾಕುವ ಗುರುತು) ಆಗಿ ಬಳಸುವವರು ಒಂದು ನೋಡಿಕೊಳ್ಳಿ: ಅದರ ವ್ಯಾಲ್ಯೂಗೆ ಮಾತ್ರ ನಾನ್ ನಲ್ ಕೊಟ್ಟರೆ ಮ್ಯಾಪ್ (ಕೀ-ವ್ಯಾಲ್ಯೂ ಜೋಡಿಗಳ ಗುಂಪು) ಒಳಗಿನ ನಲ್ ಹೋಗುವುದಿಲ್ಲ, ಕಂಟೆಂಟ್‌ಗೂ ಕೊಡಬೇಕು. ಯಾವ ಸ್ಕ್ರೀನ್ ನಲ್ ನಂಬಿಕೊಂಡಿದೆ ಅಂತ ಮೊದಲೇ ಹಿಡಿಯುವ ಸ್ಕ್ರಿಪ್ಟ್ ಒಂದಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಲಾಗ್ ಬಿಲ್ ತಿಂಗಳಿಗೆ ಲಕ್ಷದ ಆಸುಪಾಸು ಇತ್ತು, 70 ಸಾವಿರದ ಹತ್ತಿರ ಬಂತು. ನೆಟ್‌ವರ್ಕ್ ಬಿಲ್ ಅಲುಗಲಿಲ್ಲ. ನಕ್ಕಿದ್ದವರೇ ಈಗ ಪಕ್ಕದ ಸರ್ವಿಸ್‌ಗೂ ಮಾಡಿಕೊಡು ಅಂತಿದ್ದಾರೆ.

ಅದು ಗೋ ಭಾಷೆಯಲ್ಲಿ ಬರೆದ ಸರ್ವಿಸ್. ಸುಮ್ನೆ ಆಡಿ ನೋಡಿದೆ. ಖಾಲಿ ಫೀಲ್ಡ್ ತೆಗೆಯುವ ಅಲ್ಲಿನ ಆಮಿಟ್‌ಎಂಪ್ಟಿ ಟ್ಯಾಗ್ 0, ಫಾಲ್ಸ್ ಎರಡನ್ನೂ ನುಂಗುತ್ತದೆ, ಖಾಲಿ ಟೈಮ್ ಮಾತ್ರ ಹಾಗೇ ಉಳಿಸುತ್ತದೆ. ಗೋ 1.24ರಲ್ಲಿ ಬಂದ ಆಮಿಟ್‌ಝೀರೋ ಟೈಮನ್ನೂ ತೆಗೆಯುತ್ತದೆ, ಆದರೆ 0 ಅದರಲ್ಲೂ ಉಳಿಯುವುದಿಲ್ಲ. ಕ್ಯಾಶ್ ಆನ್ ಡೆಲಿವರಿ ಮೊತ್ತ 0 ಇರುವ ಆರ್ಡರ್ ನಮ್ಮಲ್ಲಿ ಬೇಕಾದಷ್ಟಿವೆ. 0 ಕೂಡ ಖಾಲಿ ಅಂತ ಹೋಗದಿರಲಿ ಎಂದು ಆ ಫೀಲ್ಡ್‌ಗೆ ಪಾಯಿಂಟರ್ ಹಾಕಿದ್ದೇನೆ, ಇನ್ನೂ ಟೆಸ್ಟಿಂಗ್‌ನಲ್ಲಿದೆ.