ಸೋತಾಗ ಕಾರಣ ಹೇಳುವ ಆಟ ಯಾವುದು? ನಾಲ್ಕು ಗ್ರ್ಯಾಂಡ್ ಸ್ಟ್ರಾಟಜಿ ಆಟಗಳು, ನನ್ನ ಅನುಭವ

ಗ್ರ್ಯಾಂಡ್ ಸ್ಟ್ರಾಟಜಿ ಆಟ, ಅಂದರೆ ನಕ್ಷೆಯ ಮೇಲೆ ಇಡೀ ದೇಶವನ್ನೋ ರಾಜವಂಶವನ್ನೋ ನಡೆಸುವ ಕಂಪ್ಯೂಟರ್ ಆಟ ಶುರು ಮಾಡಬೇಕು, ಯಾವುದು ತಗೊಳ್ಳಲಿ ಅಂತ ಕೇಳಿದರೆ ಎಲ್ಲರೂ ಕಣ್ಣು ಮುಚ್ಚಿಕೊಂಡು ಹೇಳುವುದು ಕ್ರುಸೇಡರ್ ಕಿಂಗ್ಸ್ 3. ಸುಲಭವಂತೆ. ನಾನೂ ಅದನ್ನೇ ಹೇಳುತ್ತೇನೆ, ಆದರೆ ಸುಲಭ ಅನ್ನುವ ಮಾತನ್ನು ಒಪ್ಪುವುದಿಲ್ಲ. ಅದರಲ್ಲೂ ಬಟನ್ನು, ಪಟ್ಟಿ, ಅಂಕಿ ಬೇಕಾದಷ್ಟಿವೆ. ನಾನು ನೋಡುವುದು ಒಂದೇ ವಿಷಯ: ಸೋತಾಗ ಯಾಕೆ ಸೋತೆ ಅಂತ ಆಟವೇ ಹೇಳುತ್ತದಾ? ಹೇಳಿದರೆ ಎಷ್ಟೇ ಗೋಜಲಿದ್ದರೂ ಕಲಿಯಬಹುದು. ಹೇಳದಿದ್ದರೆ ಹೊಸಬರು ಎರಡನೇ ವಾರಕ್ಕೆ ಅನ್‌ಇನ್‌ಸ್ಟಾಲ್ ಮಾಡುತ್ತಾರೆ.

ನಾನು ಹೇಳುತ್ತಿರುವುದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿರುವ ಪ್ಯಾರಡಾಕ್ಸ್ ಕಂಪನಿಯ ಆಟಗಳ ಬಗ್ಗೆ. 2020ರ ಕ್ರುಸೇಡರ್ ಕಿಂಗ್ಸ್ 3 ಶುರುವಾಗುವುದು 867ರಲ್ಲಿ ಅಥವಾ 1066ರಲ್ಲಿ (ಆಮೇಲೆ 1178 ಕೂಡ ಸೇರಿಕೊಂಡಿತು), ಮುಗಿಯುವುದು 1453ಕ್ಕೆ. 2013ರ ಯುರೋಪಾ ಯೂನಿವರ್ಸಾಲಿಸ್ 4, ಅಂದರೆ ಇಯು4, 1444ರ ನವೆಂಬರ್ 11ರಿಂದ 1821ರವರೆಗೆ. 2022ರ ವಿಕ್ಟೋರಿಯಾ 3ರದ್ದು 1836ರಿಂದ 1936. 2016ರ ಹಾರ್ಟ್ಸ್ ಆಫ್ ಐರನ್ 4 ಅಲ್ಲಿಂದ ಮುಂದಕ್ಕೆ, ಎರಡನೇ ಮಹಾಯುದ್ಧ. ನಾಲ್ಕರದ್ದೂ ಅಸ್ಥಿಪಂಜರ ಒಂದೇ. ದೊಡ್ಡ ನಕ್ಷೆ, ಓಡುವ ದಿನಾಂಕ, ಐದು ವೇಗ, ಸ್ಪೇಸ್‌ಬಾರ್ ಒತ್ತಿದರೆ ಕಾಲ ನಿಲ್ಲುತ್ತದೆ. ಸ್ಪೇಸ್‌ಬಾರ್ ಒತ್ತುವುದಕ್ಕೆ ನಾಚಿಕೆ ಬೇಡ. ನನ್ನ ಆಟದಲ್ಲಿ ಅರ್ಧ ಹೊತ್ತು ಕಾಲ ನಿಂತೇ ಇರುತ್ತದೆ.

ಇವುಗಳನ್ನು ಹೋಲಿಸಲು ನಾನು ಮಾಡಿದ್ದು ಇಷ್ಟು: ನಮ್ಮ ನೆಲವನ್ನೇ ನಾಲ್ಕೂ ಆಟಗಳಲ್ಲಿ ಹುಡುಕಿ ನೋಡಿದೆ. ಕಲ್ಯಾಣದ ಚಾಲುಕ್ಯರು, ವಿಜಯನಗರ, ಮೈಸೂರು. ಶಾಲೆಯಲ್ಲಿ ಓದಿದ ಇತಿಹಾಸ ತಲೆಯಲ್ಲಿ ಇರುವುದರಿಂದ ಆಟ ಯಾವುದನ್ನು ದೊಡ್ಡದು ಮಾಡಿದೆ, ಯಾವುದನ್ನು ಲೆಕ್ಕಕ್ಕೇ ತಗೊಂಡಿಲ್ಲ ಅಂತ ಬೇಗ ಗೊತ್ತಾಗುತ್ತದೆ. ಆದರೆ ಆಟ ಕಲಿತದ್ದು ಬೇರೆ ಕಡೆ. ಐರ್ಲೆಂಡ್, ಪೋರ್ಚುಗಲ್, ಬೆಲ್ಜಿಯಂ ಇತ್ಯಾದಿ. ಇಷ್ಟದ ದೇಶ ಬೇರೆ, ಕಲಿಯುವ ದೇಶ ಬೇರೆ. ಎರಡನ್ನೂ ಸೇರಿಸಬೇಡಿ.

ಕ್ರುಸೇಡರ್ ಕಿಂಗ್ಸ್‌ನಲ್ಲಿ ನೀವು ದೇಶ ಅಲ್ಲ, ಮನುಷ್ಯ. ಸತ್ತರೆ ನಿಮ್ಮ ವಾರಸುದಾರನಾಗಿ ಆಟ ಮುಂದುವರಿಯುತ್ತದೆ. ಆಟದ ಪಾಠ ಇರುವುದು 1066ರ ಐರ್ಲೆಂಡಿನಲ್ಲಿ, ಮನ್‌ಸ್ಟರ್‌ನ ಚಿಕ್ಕ ರಾಜ ಮುರ್ಚಾದ್‌ನ ಜೊತೆ. ಸುತ್ತಲೂ ಇವನಷ್ಟೇ ಚಿಕ್ಕವರು. ದೊಡ್ಡ ರಾಜರು ಸಮುದ್ರದ ಆಚೆ. ಅದಕ್ಕೇ ಆಡುವವರು ಐರ್ಲೆಂಡನ್ನು ಟ್ಯುಟೋರಿಯಲ್ ದ್ವೀಪ ಅಂತಲೇ ಕರೆಯುವುದು. ಪುರೋಹಿತನಿಗೆ ಪಕ್ಕದ ಕೌಂಟಿಯ (ಚಿಕ್ಕ ಜಿಲ್ಲೆಯಂಥದ್ದು) ಮೇಲೆ ಸುಳ್ಳು ಹಕ್ಕುಪತ್ರ ತಯಾರಿಸುವ ಕೆಲಸ ಕೊಡುತ್ತೀರಿ, ದುಡ್ಡು ಕಟ್ಟುತ್ತೀರಿ, ಯುದ್ಧ ಸಾರುತ್ತೀರಿ. ಇಲ್ಲಿಯವರೆಗೆ ಎಲ್ಲರಿಗೂ ಬರುತ್ತದೆ.

ನಿಜವಾದ ಪಾಠ ರಾಜ ಸತ್ತಾಗ. ಶುರುವಿನಲ್ಲಿ ಹೆಚ್ಚಿನವರಿಗೆ ಇರುವುದು ಆಸ್ತಿ ಪಾಲಾಗುವ ಕಾನೂನು. ನಿಮ್ಮ ಹತ್ತಿರ ಎರಡು ಡಚಿ (ಕೆಲವು ಕೌಂಟಿಗಳ ಗುಂಪು), ಇಬ್ಬರು ಗಂಡುಮಕ್ಕಳು ಇದ್ದಾರೆ ಅಂದುಕೊಳ್ಳಿ. ಮೇಲೆ ಕಿಂಗ್‌ಡಮ್ ಪದವಿ ಇಲ್ಲ. ರಾಜ ಕಣ್ಣು ಮುಚ್ಚಿದ ತಕ್ಷಣ ಎರಡನೇ ಡಚಿ ಕಿರಿಯವನಿಗೆ ಹೋಗಿ ಅವನು ಸ್ವತಂತ್ರನಾಗುತ್ತಾನೆ. ಅದೇ ನೀವು ಸಾಯುವ ಮೊದಲು ಐರ್ಲೆಂಡ್ ಕಿಂಗ್‌ಡಮ್ ಪದವಿ ಸೃಷ್ಟಿಸಿದ್ದರೆ ಕಿರಿಯವನು ಡಚಿ ತಗೊಂಡರೂ ಅಣ್ಣನ ಸಾಮಂತನಾಗಿ ಉಳಿಯುತ್ತಾನೆ. ನೆಲ ಅಷ್ಟೇ, ಮಕ್ಕಳು ಅಷ್ಟೇ, ಮೇಲೊಂದು ಪದವಿ ಇದೆಯಾ ಇಲ್ಲವಾ ಅನ್ನುವುದರ ಮೇಲೆ ರಾಜ್ಯ ಉಳಿಯುತ್ತದೆ ಅಥವಾ ಒಡೆಯುತ್ತದೆ. ಇದನ್ನು ಆಟ ಮುಚ್ಚಿಡುವುದಿಲ್ಲ. ಉತ್ತರಾಧಿಕಾರದ ಪುಟ ತೆರೆದರೆ ಯಾರಿಗೆ ಏನು ಹೋಗುತ್ತದೆ ಅಂತ ಬದುಕಿರುವಾಗಲೇ ತೋರಿಸುತ್ತದೆ. ಬಣ್ಣದ ಪದದ ಮೇಲೆ ಮೌಸ್ ಇಟ್ಟರೆ ವಿವರಣೆ ಬರುತ್ತದೆ, ಆ ವಿವರಣೆಯೊಳಗಿನ ಪದದ ಮೇಲೆ ಇಟ್ಟರೆ ಇನ್ನೊಂದು. ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಇಷ್ಟು ಕಲಿತು ಆಮೇಲೆ 1066ರ ಕಲ್ಯಾಣಕ್ಕೆ ಬಂದರೆ ಮಜಾ ಬೇರೆಯೇ. ಒಂದನೇ ಸೋಮೇಶ್ವರನ ಕಾಲ ಅದು. ಇತಿಹಾಸದಲ್ಲಿ ಅವನ ನಂತರ ಪಟ್ಟಕ್ಕೆ ಬಂದದ್ದು ಹಿರಿಯ ಮಗ ಎರಡನೇ ಸೋಮೇಶ್ವರ. 1076ರಲ್ಲಿ ತಮ್ಮ ಆರನೇ ವಿಕ್ರಮಾದಿತ್ಯ ಅವನನ್ನು ಇಳಿಸಿ ತಾನೇ ಕೂತು, ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಶುರು ಮಾಡಿದ. ಆಟ ಅದನ್ನೇ ಮತ್ತೆ ನಡೆಸಿ ತೋರಿಸುತ್ತದೆ ಅಂತಲ್ಲ. ಆದರೆ ಅಂಥದ್ದು ನಡೆಯುವುದಕ್ಕೆ ಬೇಕಾದ ಎಲ್ಲವೂ ಅದರಲ್ಲಿದೆ: ಅತೃಪ್ತ ತಮ್ಮ, ಹಕ್ಕು, ಸಿಟ್ಟಾದ ಸಾಮಂತರ ಗುಂಪು, ದಕ್ಷಿಣದಲ್ಲಿ ಹೊಂಚು ಹಾಕಿ ಕೂತ ಚೋಳರು. ಇನ್ನೊಂದು ಸಣ್ಣ ವಿಷಯ ನನಗೆ ತುಂಬ ಇಷ್ಟ. ಕರುಣೆಯ ಸ್ವಭಾವದ ರಾಜನಿಂದ ಕೈದಿಗಳ ತಲೆ ತೆಗೆಸಿದರೆ ಅವನಿಗೆ ಮಾನಸಿಕ ಒತ್ತಡ ಏರುತ್ತದೆ. ಲಾಭದ ಲೆಕ್ಕ ಒಂದು, ಆ ಮನುಷ್ಯನ ಮನಸ್ಸು ಇನ್ನೊಂದು. ಉಳಿದ ಮೂರೂ ಆಟಗಳಲ್ಲಿ ಇದು ಇಲ್ಲ.

ಇಯು4ಗೆ ಬಂದರೆ ಮನುಷ್ಯ ಮಾಯ. ನೀವೇ ದೇಶ. ರಾಜ ಅಂದರೆ ಆಡಳಿತ, ರಾಜತಂತ್ರ, ಸೇನೆ ಅಂತ ಮೂರು ಅಂಕಿ, ಪ್ರತಿಯೊಂದೂ ಸೊನ್ನೆಯಿಂದ ಆರರೊಳಗೆ. ಆ ಅಂಕಿಗಳಿಂದ ತಿಂಗಳು ತಿಂಗಳು ಪಾಯಿಂಟು ಬರುತ್ತದೆ. ತಂತ್ರಜ್ಞಾನಕ್ಕೂ ಅದೇ ಪಾಯಿಂಟು, ಗೆದ್ದ ಪ್ರಾಂತ್ಯವನ್ನು ನಿಮ್ಮದಾಗಿಸಿಕೊಳ್ಳುವುದಕ್ಕೂ ಅದೇ, ರಾಜ್ಯದ ಸ್ಥಿರತೆಗೂ ಅದೇ. ಇಲ್ಲೇ ಹೊಸಬರು ಎಡವುವುದು. ಯುದ್ಧ ಸೋಲುವುದು ಇವತ್ತು, ಅದರ ಕಾರಣ ಇಪ್ಪತ್ತು ವರ್ಷ ಹಿಂದೆ ಬೇರೆ ಕಡೆ ಖರ್ಚಾದ ಸೇನಾ ಪಾಯಿಂಟು. ಕಾಳಗದ ಪರದೆಯಲ್ಲಿ ಅದೃಷ್ಟಕ್ಕಾಗಿ ಆಟ ಉರುಳಿಸುವ ದಾಳದ ಅಂಕಿ ಕಾಣುತ್ತದೆ, ಎಷ್ಟು ಸತ್ತರು ಅಂತ ಕಾಣುತ್ತದೆ. ಇಪ್ಪತ್ತು ವರ್ಷ ಹಿಂದಿನ ನಿರ್ಧಾರ ಮಾತ್ರ ಎಲ್ಲೂ ಕಾಣುವುದಿಲ್ಲ.

ಅದಕ್ಕೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಯುದ್ಧ ಸಾರುವ ಮುಂಚೆ ಆಟ ನಿಲ್ಲಿಸಿ ಎದುರಾಳಿಯ ಸೇನಾ ತಂತ್ರಜ್ಞಾನ ನನಗಿಂತ ಮುಂದಿದೆಯಾ ಅಂತ ನೋಡುತ್ತೇನೆ. ಮುಂದಿದ್ದರೆ ಅಲ್ಲಿಗೇ ಬಿಟ್ಟೆ. ಆಮೇಲೆ ಅವನ ಮಿತ್ರದೇಶಗಳು ಯಾವ ಯಾವುವು ಬರುತ್ತವೆ ಅಂತ ನೋಡುತ್ತೇನೆ, ಯುದ್ಧ ಸಾರುವ ಕಿಟಕಿಯಲ್ಲೇ ಅದು ಇರುತ್ತದೆ. ಕೊನೆಗೆ ನೆಲ. ದಾಳಿ ಮಾಡುವವನಿಗೆ ಗುಡ್ಡದಲ್ಲಿ ದಾಳದ ಅಂಕಿ ಒಂದು ಕಡಿಮೆ, ದೊಡ್ಡ ಪರ್ವತದಲ್ಲಿ ಎರಡು ಕಡಿಮೆ, ನದಿ ದಾಟಿ ಹೋದರೆ ಮತ್ತೊಂದು ಹೋಯಿತು. ಸೈನ್ಯ ಸಮಸಮ ಇದ್ದಾಗ ನದಿ ದಾಟಿ ಪರ್ವತ ಹತ್ತಿ ಹೊಡೆಯುವುದು ಸುಮ್ನೆ ಜನ ಸಾಯಿಸುವ ಕೆಲಸ. ಶತ್ರು ನಿಮ್ಮ ಗುಡ್ಡಕ್ಕೆ ಬರುವವರೆಗೂ ಕಾಯಿರಿ. ಬರುತ್ತಾನೆ, ಉಳಿದ ದೇಶಗಳನ್ನು ಆಡಿಸುವ ಎಐಗೆ (ಕಂಪ್ಯೂಟರಿಗೆ) ತಾಳ್ಮೆ ಕಡಿಮೆ.

ಕಲಿಯಲು ಪೋರ್ಚುಗಲ್ ಒಳ್ಳೆಯದು. ಯುರೋಪಿನಲ್ಲಿ ಗಡಿ ಹಂಚಿಕೊಳ್ಳುವುದು ಕಾಸ್ಟೀಲ್ ಒಂದರ ಜೊತೆ, ಅವರೊಂದಿಗೆ ಚೆನ್ನಾಗಿದ್ದರೆ ಬೆನ್ನು ಸುರಕ್ಷಿತ. ಇಂಗ್ಲೆಂಡ್ ಶುರುವಿನಿಂದಲೇ ಮಿತ್ರ. ಉಳಿದದ್ದೆಲ್ಲ ಸಮುದ್ರ. ನಿಧಾನಕ್ಕೆ ಹಡಗು, ವ್ಯಾಪಾರ, ವಸಾಹತು ಕಲಿಯಬಹುದು. ವಿಜಯನಗರ ಹಾಗಲ್ಲ. 1444 ಅಂದರೆ ಎರಡನೇ ದೇವರಾಯನ ಕೊನೆಯ ವರ್ಷಗಳು, ಅವನು ತೀರಿಕೊಂಡದ್ದು 1446ರಲ್ಲಿ. ಉತ್ತರಕ್ಕೆ ಬಹಮನಿಗಳು. ಸೇನೆ ದೊಡ್ಡದು, ನೆಲ ಫಲವತ್ತು, ಮೊದಲ ಯುದ್ಧ ಗೆಲ್ಲುವುದು ಅಷ್ಟೇನೂ ಕಷ್ಟವಲ್ಲ. ಕಷ್ಟ ಇರುವುದು ಗೆದ್ದ ಮೇಲೆ. ನೆಲ ಕಿತ್ತುಕೊಂಡಷ್ಟೂ ಸುತ್ತಲಿನವರಿಗೆ ಸಿಟ್ಟು ಬರುತ್ತದೆ, ಸೋತವನ ಧರ್ಮದವರಿಗೆ ಇನ್ನೂ ಜಾಸ್ತಿ. ಈ ಸಿಟ್ಟಿಗೂ ಒಂದು ಅಂಕಿ ಇದೆ. ಅದು 50 ದಾಟಿದವರು, ಸಂಬಂಧವೂ ಕೆಟ್ಟಿದ್ದರೆ, ಒಟ್ಟಾಗಿ ನಿಮ್ಮ ಮೇಲೆ ಬೀಳಬಹುದು. ಶಾಂತಿ ಒಪ್ಪಂದದ ಪರದೆಯಲ್ಲಿ ಪ್ರಾಂತ್ಯ ಆರಿಸುವಾಗಲೇ ಯಾರು ಆ ಗುಂಪು ಸೇರಬಹುದು ಅಂತ ಎಚ್ಚರಿಕೆ ಬರುತ್ತದೆ. ಅದನ್ನು ಓದುವವರು ಕಡಿಮೆ. ಗೆದ್ದ ಖುಷಿಯಲ್ಲಿ ಎಲ್ಲ ಬೇಕು ಅನ್ನಿಸುತ್ತದೆ, ಅಲ್ವಾ? ಎರಡು ಪ್ರಾಂತ್ಯ ತಗೊಳ್ಳಿ, ದುಡ್ಡು ತಗೊಳ್ಳಿ, ಮನೆಗೆ ಬನ್ನಿ.

ವಿಕ್ಟೋರಿಯಾ 3 ಯುದ್ಧದ ಆಟವೇ ಅಲ್ಲ. ಯುದ್ಧ ಇದೆ, ಆದರೆ ಸೈನ್ಯವನ್ನು ಒಂದೊಂದಾಗಿ ನಡೆಸುವಂತಿಲ್ಲ. ಸೇನಾಪತಿಯನ್ನು ಗಡಿಗೆ ಕಳಿಸಿ ಮುನ್ನುಗ್ಗು ಅಥವಾ ತಡೆ ಅನ್ನಬೇಕು, ಅಷ್ಟೇ. ಇದನ್ನು ಬೈಯುವವರು ಬಹಳ. ನನಗೆ ಬೇಜಾರಿಲ್ಲ, ಯಾಕೆಂದರೆ ಇಲ್ಲಿನ ರುಚಿ ಮಾರುಕಟ್ಟೆಯಲ್ಲಿದೆ. ಸಾಮಾನಿನ ಬೆಲೆ ಅದರ ಮೂಲ ಬೆಲೆಗಿಂತ 75% ಮೇಲೂ ಹೋಗಬಹುದು, 75% ಕೆಳಗೂ ಇಳಿಯಬಹುದು. ಆಟ ಪೂರ್ತಿ ಆ ಏರಿಳಿತದ ಹಿಂದೆ ಓಡುವುದು.

ಬೆಲ್ಜಿಯಂನಲ್ಲಿ ನಾನು ಮಾಡಿದ್ದು ಹೇಳುತ್ತೇನೆ. ಅದು ಚಿಕ್ಕ ದೇಶ, ಆದರೆ ವಲೋನಿಯಾದಲ್ಲಿ ಕಲ್ಲಿದ್ದಲು, ಕಬ್ಬಿಣ ಎರಡೂ ಇದೆ. ಮೊದಲ ದಿನ ಆಟ ನಿಲ್ಲಿಸಿ ಕಟ್ಟಡ ಕಟ್ಟುವ ಇಲಾಖೆಯನ್ನು ಬೆಳೆಸಿದೆ. ಅದನ್ನು ಮರದ ಕಟ್ಟಡದಿಂದ ಕಬ್ಬಿಣದ ಚೌಕಟ್ಟಿನ ಕಟ್ಟಡಕ್ಕೆ ಬದಲಾಯಿಸಿದ ಕೂಡಲೇ ಕಬ್ಬಿಣ ಮತ್ತು ಉಪಕರಣಗಳ ಬೆಲೆ ಏರಿತು. ಸರ್ಕಾರದ ಖರ್ಚೂ ಏರಿ ಖಜಾನೆ ಕೆಂಪಾಯಿತು. ಇಲ್ಲಿ ಗಾಬರಿಯಾಗಿ ತೆರಿಗೆ ಏರಿಸುವುದು ಹೊಸಬರ ಸ್ವಭಾವ. ಅದರ ಬದಲು ಕಬ್ಬಿಣದ ಗಣಿ ಕಟ್ಟಿಸಿದೆ, ಆಮೇಲೆ ಉಪಕರಣದ ಕಾರ್ಖಾನೆ. ಬೆಲೆ ಇಳಿಯಿತು, ಅದೇ ಕಟ್ಟಡ ಕಡಿಮೆ ಖರ್ಚಿಗೆ ಏಳತೊಡಗಿತು, ಗಣಿ ಮಾಲೀಕರ ಲಾಭ ಬಂಡವಾಳವಾಗಿ ಮತ್ತೆ ಕಟ್ಟಡಕ್ಕೇ ಬಂತು. ಈ ಸುತ್ತು ಒಮ್ಮೆ ಕಣ್ಣಿಗೆ ಬಿದ್ದರೆ ಆಟ ಅರ್ಥವಾದ ಹಾಗೆ. ಉಳಿದದ್ದು ರಾಜಕೀಯ: ಜಮೀನ್ದಾರರ ಕೈಯಲ್ಲಿರುವ ಬಲವನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿ ಕಾನೂನು ಬದಲಾಯಿಸುವುದು.

ಮೈಸೂರು ಈ ಆಟದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧೀನ. 1831ರಲ್ಲೇ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡಿದ್ದರು. 1836ರಲ್ಲಿ ನಿಜವಾಗಿ ರಾಜ್ಯಭಾರ ಮಾಡುತ್ತಿದ್ದವನು ಕಮಿಷನರ್ ಮಾರ್ಕ್ ಕಬ್ಬನ್. ಆಟದಲ್ಲಿ ಅಷ್ಟು ಸೂಕ್ಷ್ಮ ಇಲ್ಲ. ಆದರೆ ಬೇರೆಯವರ ಮಾರುಕಟ್ಟೆಯೊಳಗೆ ಕೂತು, ಸ್ವಂತ ವಿದೇಶಾಂಗ ನೀತಿ ಇಲ್ಲದೆ ಬೆಳೆಯಬೇಕಾದ ಇಕ್ಕಟ್ಟು ಚೆನ್ನಾಗಿ ಬಂದಿದೆ. ಮೊದಲ ಆಟಕ್ಕೆ ಮಾತ್ರ ಬೇಡ.

ಹಾರ್ಟ್ಸ್ ಆಫ್ ಐರನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರಲ್ಲಿ ನನ್ನ ಆಸಕ್ತಿ ಕಡಿಮೆ. ಇಟಲಿಯಾಗಿ ಇಥಿಯೋಪಿಯಾ ಮೇಲೆ ದಂಡೆತ್ತುವುದೇ ಅದರ ಪಾಠ. ಕಾಲ ಗಂಟೆಗಳಲ್ಲಿ ಓಡುತ್ತದೆ. 1936ರಲ್ಲಿ ಯಾವ ಕಾರ್ಖಾನೆ ಕಟ್ಟಿದಿರಿ ಅನ್ನುವುದಕ್ಕೆ 1940ರಲ್ಲಿ ಉತ್ತರ ಸಿಗುತ್ತದೆ. ಸೈನ್ಯ ಯಾಕೆ ನಿಂತಲ್ಲೇ ನಿಂತಿದೆ ಅಂತ ತಿಳಿಯದಿದ್ದರೆ ಸರಬರಾಜಿನ ನಕ್ಷೆ ತೆರೆಯಿರಿ, ಬಹುಪಾಲು ಕಾರಣ ಅಲ್ಲೇ ಇರುತ್ತದೆ. ಟ್ಯಾಂಕು, ವಿಮಾನ, ಹಡಗಿನ ಹುಚ್ಚು ಇರುವವರಿಗೆ ಇದೇ ಮೊದಲ ಆಟವಾದರೂ ನಡೆಯುತ್ತದೆ. ಆ ಹುಚ್ಚು ಇಲ್ಲದವರಿಗೆ ಕೊನೆಯದು. ಕನ್ನಡ ನಾಡು ಇಲ್ಲಿ ಬ್ರಿಟಿಷ್ ರಾಜ್‌ನ ಒಂದು ಮೂಲೆ.

ಕಲಿಯುವಾಗ ನನಗೆ ನಿಜಕ್ಕೂ ಕೈಹಿಡಿದದ್ದು ಎರಡು ಉಪಾಯ. ಒಂದು, ಐರನ್‌ಮ್ಯಾನ್ (ಹಳೆಯ ಸೇವ್‌ಗೆ ಹಿಂದಿರುಗಲು ಬಿಡದ ಸೆಟ್ಟಿಂಗ್) ಆಫ್ ಮಾಡಿ ಆಡುವುದು. ಆಗ ಯುದ್ಧಕ್ಕೆ ಮುಂಚೆ ಸೇವ್ ಮಾಡಿಟ್ಟು ಅದೇ ಯುದ್ಧವನ್ನು ಬೇರೆ ರೀತಿ ಆಡಿ ನೋಡಬಹುದು. ಮೋಸ ಅನ್ನುವವರು ಅನ್ನಲಿ. ಒಂದು ಸಲ ನದಿ ದಾಟಿ ಹೊಡೆದು, ಇನ್ನೊಂದು ಸಲ ಕಾದು ಹೊಡೆದು ನೋಡಿದರೆ ಯಾವ ವಿಡಿಯೋ ಕಲಿಸದ್ದು ತಲೆಗೆ ಹೋಗುತ್ತದೆ. ಎರಡನೆಯದು ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಇಯು4ರಲ್ಲಿ ಕನ್ಸೋಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಅಬ್ಸರ್ವ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ನೀವು ಆಟದಿಂದ ಹೊರಗೆ, ಎಐಗಳು ತಮ್ಮಷ್ಟಕ್ಕೆ ಆಡುತ್ತವೆ. ವೇಗ ಏರಿಸಿ ಐವತ್ತು ವರ್ಷ ಬಿಡಿ. ಯಾರು ಯಾರನ್ನು ನುಂಗುತ್ತಾರೆ, ಯಾರು ಯಾವಾಗಲೂ ಉಳಿಯುತ್ತಾರೆ ಅಂತ ಕಾಣುತ್ತದೆ. ದೇಶ ಆರಿಸುವ ಮುಂಚೆ ಆ ಪ್ರದೇಶವನ್ನು ಹೀಗೆ ನೋಡುವುದು ನನ್ನ ರೂಢಿ.

ದುಡ್ಡಿನ ವಿಷಯ. ಈ ಆಟಗಳ ಬೆಲೆ ಮೊದಲ ದಿನ ಕೊಟ್ಟದ್ದಕ್ಕೆ ಮುಗಿಯುವುದಿಲ್ಲ, ಡಿಎಲ್‌ಸಿಗಳು, ಅಂದರೆ ಬೇರೆ ದುಡ್ಡು ಕೊಟ್ಟು ಕೊಳ್ಳುವ ಹೆಚ್ಚುವರಿ ಭಾಗಗಳು, ವರ್ಷಗಟ್ಟಲೆ ಬರುತ್ತಲೇ ಇರುತ್ತವೆ. ಶುರುವಿನಲ್ಲಿ ಒಂದನ್ನೂ ಕೊಳ್ಳಬೇಡಿ. ಮೂಲ ಆಟದಲ್ಲೇ ತಿಂಗಳುಗಟ್ಟಲೆ ಆಡುವಷ್ಟಿದೆ. ಹಬ್ಬದ ಸೇಲ್‌ವರೆಗೆ ಕಾದರೆ ಬೆಲೆ ಚೆನ್ನಾಗಿ ಇಳಿಯುತ್ತದೆ. ಇಯು4ರ ಎಲ್ಲ ಡಿಎಲ್‌ಸಿಗೂ ಚಂದಾ ಇದೆ, ಒಂದು ತಿಂಗಳು ಕಟ್ಟಿ ಬೇಕಾ ಬೇಡವಾ ನೋಡಬಹುದು. ಒಂದು ಪೈಸೆಯೂ ಬೇಡ ಅನ್ನುವವರಿಗೆ ಹಳೆಯ ಕ್ರುಸೇಡರ್ ಕಿಂಗ್ಸ್ 2ರ ಮೂಲ ಆಟ 2019ರಿಂದ ಉಚಿತ. ಪರದೆ ಹಳೆಯದು, ವಿವರಣೆ ಕಡಿಮೆ, ಆದರೆ ಈ ಜಾತಿಯ ಆಟ ನಿಮಗೆ ಹಿಡಿಸುತ್ತದಾ ಅಂತ ತಿಳಿಯಲು ಸಾಕು.

2025ರ ನವೆಂಬರ್‌ನಲ್ಲಿ ಯುರೋಪಾ ಯೂನಿವರ್ಸಾಲಿಸ್ 5 ಬಂತು. ಅದು ಶುರುವಾಗುವುದು 1337ರಲ್ಲಿ, ಅಂದರೆ ನಾವು ವಿಜಯನಗರ ಸ್ಥಾಪನೆಯ ವರ್ಷ ಅಂತ ಓದಿದ 1336ರ ಮರುವರ್ಷ. ಆಸೆ ಹುಟ್ಟುವುದು ಸಹಜ. ವ್ಯಾಪಾರದಂಥ ಕೆಲವು ಕೆಲಸಗಳನ್ನು ಕಂಪ್ಯೂಟರಿಗೇ ಬಿಡುವ ಸೌಲಭ್ಯವೂ ಅದರಲ್ಲಿದೆ. ಆದರೂ ಹೊಸಬರಿಗೆ ನನ್ನ ಸಲಹೆ: ಮೊದಲು ಐರ್ಲೆಂಡಿನಲ್ಲಿ ಒಂದೆರಡು ತಲೆಮಾರು ಆಡಿ. ಇಯು5ಕ್ಕೆ ಇನ್ನೂ ಪ್ಯಾಚ್‌ಗಳು (ತಿದ್ದುಪಡಿಗಳು) ಬರುತ್ತಾ ಹೋಗುತ್ತವೆ, ಅದು ಕಾಯಲಿ.